ಅಮ್ಮನ ಮಾತು ತಿಳಿಯುವ ಯಂತ್ರ ಬೇಕು

ಮಾನ್ಯ ಸಂಪಾದಕರೇ,

ಸಂಜೆ ಆರಾದರೆ ಸಾಕು, ನಮ್ಮಮ್ಮ ಬಾಗಿಲ ಚಿಲಕಕ್ಕೆ ಕೈ ಹಾಕುತ್ತಾರೆ. "ಬಂಡಿ ವಚ್ಚಿಂದಾ?" ಎಂದು ಕೇಳುತ್ತಾರೆ. ಮಾವಿನ ಗಾಡಿ ಬಂತಾ ಅಂತ. ಆ ತೋಟ ನಮ್ಮ ಕೈಬಿಟ್ಟು 20 ವರ್ಷವಾಗಿದೆ. ಅಮ್ಮನಿಗೆ ಈಗ 80. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ನಮ್ಮಂಥ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಒಟ್ಟಿಗೇ ಓಡಾಡುತ್ತವೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಬಂದ ಮೇಲೆ ಅಮ್ಮನ ಕನ್ನಡ ಒಂದೊಂದೇ ಮಾತಾಗಿ ಉದುರುತ್ತಿದೆ.

ಡಿಮೆನ್ಷಿಯಾ ಆರೈಕೆಗೆ ಕೃತಕ ಬುದ್ಧಿಮತ್ತೆ (ಎಐ) ಬಳಸುವ ಸಂಶೋಧನೆಗೆ ದುಡ್ಡು ಹಾಕಬೇಕಾ ಎಂದು ಕೇಳುವವರಿದ್ದಾರೆ. ತಾಲ್ಲೂಕಿನಲ್ಲಿ ಒಬ್ಬ ನರರೋಗ ತಜ್ಞರಿಲ್ಲ, ಇದೆಲ್ಲ ಯಾಕೆ ಅಂತ ನನ್ನ ಗೆಳೆಯರೇ ಅಂದರು. ತಜ್ಞರಿಲ್ಲದ ಊರಿಗೇ ಇದು ಮೊದಲು ಬೇಕು ಎನ್ನುವುದು ನನ್ನ ಅನುಭವ.

ಶುರುವಿನಲ್ಲಿ ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು. "ಅರವತ್ತಕ್ಕೆ ಅರಳುಮರಳು" ಅಂತ ನಾವೇ ಸುಮ್ಮನಾದೆವು. ತೋರಿಸಿದ ಡಾಕ್ಟರೂ ವಯಸ್ಸಿನ ಮರೆವು ಎಂದು ಟಾನಿಕ್ ಬರೆದರು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಎರಡೂವರೆ ವರ್ಷ ಕಳೆದಿತ್ತು. 2023ರಲ್ಲಿ ಬಂದ ದೇಶದ ದೊಡ್ಡ ಅಧ್ಯಯನವೊಂದರ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ನಮ್ಮಮ್ಮನಂಥವರೇ ಅಲ್ವಾ ಅವರೆಲ್ಲ?

ಮಾತಿನ ನಡುವಿನ ತಡವರಿಕೆ, ಪದ ಸಿಗದೆ ಆಗುವ ಮೌನ, ಇವನ್ನು ಕೇಳಿಯೇ ಕಾಯಿಲೆಯನ್ನು ಬೇಗ ಗುರುತಿಸುವ ಎಐ ತಯಾರಾಗುತ್ತಿದೆ. ಆದರೆ ಅದು ಯಾರ ಮಾತು ಕೇಳಿ ಕಲಿತಿದೆ? ಇಂಥ ಸಂಶೋಧನೆಯಲ್ಲಿ ಬಹಳ ಬಳಕೆಯಾಗಿರುವುದು 1980ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ ಇಂಗ್ಲಿಷ್ ರೆಕಾರ್ಡಿಂಗ್‌ಗಳು. ಒಂದು ಚಿತ್ರ ತೋರಿಸಿ, ಇದರಲ್ಲಿ ಏನಾಗುತ್ತಿದೆ ಹೇಳಿ ಎನ್ನುತ್ತಾರೆ. ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ, ಅಡುಗೆಮನೆಯ ಸಿಂಕ್ ತುಂಬಿ ನೀರು ಹರಿಯುತ್ತಿದೆ. ನಮ್ಮಮ್ಮ ಜೀವನಪೂರ್ತಿ ಪಾತ್ರೆ ತೊಳೆದದ್ದು ಹಿತ್ತಿಲ ಕಲ್ಲಿನ ಮೇಲೆ. ಅಕ್ಷರ ಬರದಿದ್ದರೂ ಮಂಡಿಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು. ಅವರ ಮರೆವನ್ನು ಅಳೆಯಲು ಅವರ ಭಾಷೆ, ಅವರ ಅಡುಗೆಮನೆ ಬೇಕು.

ಇನ್ನೊಂದು ಉದಾಹರಣೆ ಹೇಳುತ್ತೇನೆ. ಮಗ ಬೆಂಗಳೂರಿನಿಂದ ಸ್ಮಾರ್ಟ್ ವಾಚ್ ತಂದುಕೊಟ್ಟ. ಅಜ್ಜಿ ಎಲ್ಲಿದ್ದಾರೆ ಅಂತ ಮೊಬೈಲ್‌ನಲ್ಲಿ ಕಾಣುತ್ತದೆ, ಬಿದ್ದರೆ ತಾನೇ ಫೋನ್ ಮಾಡುತ್ತದೆ. ಕಟ್ಟಿ ಹತ್ತು ನಿಮಿಷವಾಗಿಲ್ಲ, ಅಮ್ಮ ಬಿಚ್ಚಿದರು. "ಇದು ಯಾರದ್ದೋ, ಕೊಟ್ಟು ಬಾ" ಎಂದರು. ಮರುದಿನ ಅದು ರಾಗಿ ಡಬ್ಬದಲ್ಲಿ ಸಿಕ್ಕಿತು. ಕೈಯಲ್ಲಿರುವ ಬಳೆ ಮಾತ್ರ ಅವರು ಸ್ನಾನಕ್ಕೂ ತೆಗೆಯುವುದಿಲ್ಲ. ವಾಚ್ ಮಾಡಿದವರು ಇಂಥ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ವಾರ ಇದ್ದಿದ್ದರೆ ಅದು ಬಳೆಯಾಗಿ ಬರುತ್ತಿತ್ತು. ಸಂಶೋಧನೆ ಇನ್ನೂ ಹಸಿಯಾಗಿರುವಾಗಲೇ ನಮ್ಮಂಥ ಮನೆಗಳಿಗೆ ಬನ್ನಿ ಎನ್ನುವುದು ಇದಕ್ಕೇ. ವಸ್ತು ಅಂಗಡಿಗೆ ಬಂದ ಮೇಲೆ ಯಾರೂ ತಿದ್ದುವುದಿಲ್ಲ.

ಹೋದ ವರ್ಷ ಅಮ್ಮ ಇದ್ದಕ್ಕಿದ್ದಂತೆ ಕೂಗಾಡತೊಡಗಿದರು. ಕಾಯಿಲೆ ಜೋರಾಯಿತು ಎಂದುಕೊಂಡೆವು. ನನ್ನ ಹೆಂಡತಿ ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೊನೆಗೆ ನೋಡಿದರೆ ಮೂತ್ರದ ಸೋಂಕು! ಅಮ್ಮನಿಗೆ ಉರಿಯುತ್ತಿದೆ ಎಂದು ಹೇಳಲು ಆಗಿರಲಿಲ್ಲ, ಅಷ್ಟೇ. ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಸರ್ರೆ ವಿಶ್ವವಿದ್ಯಾಲಯದವರು 'ಮೈಂಡರ್' ಎಂಬ ವ್ಯವಸ್ಥೆಯನ್ನು ರೋಗಿಗಳ ಮನೆಯಲ್ಲೇ ಇಟ್ಟು ಪರೀಕ್ಷಿಸಿದ್ದಾರೆ. ಬಾಗಿಲಿಗೆ, ಹಾಸಿಗೆಗೆ ಸಣ್ಣ ಸೆನ್ಸರ್ ಇರುತ್ತದೆ. ನಿದ್ದೆ, ಓಡಾಟ, ಬಚ್ಚಲಿಗೆ ಹೋಗುವ ಲೆಕ್ಕ ಬದಲಾದರೆ ಸೋಂಕಿನ ಅನುಮಾನವನ್ನು ಮುಂಚೆಯೇ ತಿಳಿಸಬೇಕು ಎನ್ನುವುದು ಅವರ ಗುರಿಗಳಲ್ಲೊಂದು. ಅಂಥದ್ದು ನಮ್ಮಲ್ಲಿದ್ದಿದ್ದರೆ ಆ ನಾಲ್ಕು ರಾತ್ರಿ ಉಳಿಯುತ್ತಿತ್ತೇನೋ.

ನಮ್ಮಲ್ಲಿ ಬುನಾದಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ನಿಮ್ಹಾನ್ಸ್ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ನೆನಪಿನ ಪರೀಕ್ಷೆಗಳನ್ನು ರೂಪಿಸಿದೆ. ಇದರ ಮೇಲೆ ಕಟ್ಟಲು ದುಡ್ಡು ಬೇಕು. ಬ್ರಿಟನ್ 2022ರಲ್ಲಿ ಡಿಮೆನ್ಷಿಯಾ ಇರುವವರಿಗೆ ನೆರವಾಗುವ ತಂತ್ರಜ್ಞಾನಕ್ಕೆಂದೇ 'ಲಾಂಗಿಟ್ಯೂಡ್ ಪ್ರೈಜ್' ಎಂಬ ಬಹುಮಾನ ಸ್ಪರ್ಧೆ ಘೋಷಿಸಿತು. ಮೊದಲ ಹಂತದಲ್ಲೇ 24 ತಂಡಗಳಿಗೆ ತಲಾ 80,000 ಪೌಂಡ್ ಕೊಟ್ಟರು. ಕಾಯಿಲೆ ಇರುವವರನ್ನು ಜೊತೆಗೆ ಕೂರಿಸಿಕೊಂಡೇ ಕೆಲಸ ಮಾಡಬೇಕು ಎಂದರು. ಕರ್ನಾಟಕ ಸರ್ಕಾರವೂ ಹೀಗೆ ಹತ್ತಾರು ಸಣ್ಣ ತಂಡಗಳಿಗೆ ನೆರವು ಕೊಡಲಿ. ಕೋಲಾರದ ತೆಲುಗುಗನ್ನಡಕ್ಕೆ, ಕರಾವಳಿಯ ತುಳುವಿಗೆ, ಕಲಬುರಗಿಯ ಮಾತಿಗೆ ಬೇರೆ ಬೇರೆ ತಂಡ ಇರಲಿ. ಅರ್ಧಕ್ಕರ್ಧ ಸೋಲಬಹುದು. ಸೋಲಲಿ, ಯಾಕೆ ಸೋತೆವು ಎಂದು ಬರೆದಿಡಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಬಚ್ಚಲಿಗೆ, ಮಲಗುವ ಕೋಣೆಗೆ ಕ್ಯಾಮೆರಾ ಬರಬಾರದು. ರೆಕಾರ್ಡ್ ಮಾಡಿದ ದನಿಯನ್ನು ಯಾವ ಕಂಪನಿಯೂ ಮಾರಬಾರದು. ಒಪ್ಪಿಗೆಯನ್ನು, ಒಪ್ಪಿಗೆ ಕೊಡುವ ಶಕ್ತಿ ಇರುವಾಗಲೇ ಕೇಳಬೇಕು. ಅಮ್ಮನನ್ನು ಆಗ ಯಾರೂ ಕೇಳಲಿಲ್ಲ. ಈಗ ಕೇಳಿದರೆ ಅವರು ಗಾಡಿಯ ವಿಷಯ ಹೇಳುತ್ತಾರೆ.

ನನಗೀಗ 61. ತೆಲುಗು, ಕನ್ನಡ ಎರಡೂ ಚೆನ್ನಾಗಿ ಬರುತ್ತದೆ, ನೆನಪೂ ಗಟ್ಟಿಯಾಗಿದೆ. ವರ್ಷಕ್ಕೊಂದು ಸಲ ನನ್ನ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲು ಯಾರಾದರೂ ಸಂಶೋಧಕರು ಬರುವುದಾದರೆ ನಾನು ತಯಾರು. ಹೆಂಡತಿಯೂ ಒಪ್ಪಿದ್ದಾಳೆ. ಸಂಜೆ ಆರರ ನಂತರ ಮಾತ್ರ ಬರಬೇಡಿ, ಆಗ ನಾವಿಬ್ಬರೂ ಅಮ್ಮನ ಜೊತೆ ಬಾಗಿಲ ಹತ್ತಿರ ಇರುತ್ತೇವೆ.

– ನಿವೃತ್ತ ಅಂಚೆ ನೌಕರ, ಶ್ರೀನಿವಾಸಪುರ ತಾಲ್ಲೂಕು