ಮಾತಾಡದ ಮಕ್ಕಳಿಗೂ ಪಾತ್ರ ಕೊಡಿ

ಮಾನ್ಯರೇ,

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂದರೆ ನಾಟಕಕ್ಕೆ ಮಕ್ಕಳನ್ನು ಆರಿಸುವ ಕೆಲಸ ಶುರುವಾಗುತ್ತದೆ. ಆರಿಸುವುದು ಯಾರನ್ನು? ಮೊದಲೇ ಪಟಪಟ ಮಾತಾಡುವವರನ್ನು. ದನಿ ಸಣ್ಣಗಿರುವ ಮಗುವಿಗೆ ಮರದ ಪಾತ್ರ, ಇಲ್ಲವೇ ಪರದೆ ಎಳೆಯುವ ಕೆಲಸ. ಆಮೇಲೆ ಅದೇ ವೇದಿಕೆಯಲ್ಲಿ ‘ನಾಟಕದಿಂದ ಮಕ್ಕಳಿಗೆ ಧೈರ್ಯ ಬರುತ್ತೆ’ ಅಂತ ಭಾಷಣ. ಇದ್ದವರಿಗೇ ಮತ್ತಷ್ಟು ಕೊಟ್ಟ ಹಾಗಾಯಿತು, ಅಲ್ವಾ?

ಹಲವು ವರ್ಷಗಳಿಂದ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೇನೆ. ಧೈರ್ಯ ಹುಟ್ಟುವುದು ಪ್ರದರ್ಶನದ ದಿನಕ್ಕಿಂತ ಜಾಸ್ತಿ ತಾಲೀಮಿನಲ್ಲಿ. ಅಲ್ಲಿ ತಪ್ಪಿದರೆ ಅಂಕ ಹೋಗುವುದಿಲ್ಲ. ಒಂದೇ ಮಾತನ್ನು ಸಿಟ್ಟಿನಲ್ಲಿ ಹೇಳು, ಅಳುತ್ತಾ ಹೇಳು, ಕಳ್ಳನ ಹಾಗೆ ಪಿಸುಗುಟ್ಟು ಅಂದರೆ ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ಎಲ್ಲವೂ ಸರಿಯೇ. ‘ಭೇಷ್’ ಅಥವಾ ‘ತಪ್ಪು’ ಎಂಬ ತೀರ್ಪಿಗೆ ಕಾಯುವ ಅಭ್ಯಾಸವೇ ನಮ್ಮನ್ನು ಕಟ್ಟಿಹಾಕುತ್ತದೆ ಎಂದು ರಂಗದ ಆಟಗಳನ್ನು ರೂಪಿಸಿದ ಅಮೆರಿಕದ ವಯೋಲಾ ಸ್ಪೋಲಿನ್ 1963ರಲ್ಲೇ ಬರೆದಿದ್ದರು. ನಮ್ಮ ತರಗತಿಗಳಿಗೆ ಅದು ಇನ್ನೂ ತಲುಪಿಲ್ಲ.

ನನ್ನ ಬಳಿ ಒಬ್ಬ ಹುಡುಗನಿದ್ದ. ಕೇಳಿದ್ದಕ್ಕೆ ನೆಲ ನೋಡಿಕೊಂಡೇ ಉತ್ತರಿಸುತ್ತಿದ್ದ. ಅವನಿಗೆ ಕೊಟ್ಟದ್ದು ರಾಜನ ಕಾವಲುಗಾರನ ಪಾತ್ರ. ಇದ್ದದ್ದು ಒಂದೇ ಮಾತು: ‘ಅಪ್ಪಣೆ, ಪ್ರಭು’. ಪ್ರದರ್ಶನದ ದಿನ ರಟ್ಟಿನ ಕಿರೀಟ ರಾಜನ ಮೂಗಿನವರೆಗೆ ಜಾರಿತು. ರಾಜನಿಗೆ ಮಾತೆಲ್ಲ ಮರೆತೇ ಹೋಯಿತು. ಸೈಡ್ ವಿಂಗಿನಲ್ಲಿ ನಾನು ಸಾಲು ಪಿಸುಗುಟ್ಟಿದ್ದೇ ಬಂತು, ಅವನಿಗೆ ಕೇಳಿಸಲಿಲ್ಲ. ಆಗ ನಮ್ಮ ಕಾವಲುಗಾರ ಈಟಿಯನ್ನು ಗೋಡೆಗೆ ಒರಗಿಸಿ ಹತ್ತಿರ ಹೋದ. ಕಿರೀಟ ಮೇಲೆತ್ತಿ, ‘ಪ್ರಭು, ರಾಜ್ಯ ಸಣ್ಣದು, ಕಿರೀಟ ದೊಡ್ಡದು’ ಅಂದ. ಸಭೆ ನಕ್ಕಿತು. ಅಷ್ಟರಲ್ಲಿ ರಾಜನಿಗೂ ಮಾತು ನೆನಪಾಯಿತು.

ಮರುದಿನದಿಂದ ಅವನು ವಾಚಾಳಿಯಾದ ಅಂತೇನಿಲ್ಲ. ಹಾಜರಿ ಕೂಗಿದಾಗ ಅವನ ‘ಎಸ್ ಮಿಸ್’ ನನ್ನ ಮೇಜಿನವರೆಗೂ ಕೇಳಿಸತೊಡಗಿತು, ಅಷ್ಟೇ. ನನಗೆ ಅದು ಸಾಕು.

ಈಚೆಗೆ ಇನ್ನೊಂದು ಚಾಳಿ ಬಂದಿದೆ. ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕುತ್ತಾರೆ, ಮಕ್ಕಳು ಸುಮ್ನೆ ತುಟಿ ಆಡಿಸುತ್ತಾರೆ. ಎಡವಟ್ಟಾಗಬಾರದು ಎಂಬ ಭಯ ದೊಡ್ಡವರದು. ಆದರೆ ಎಡವಟ್ಟೇ ಆಗದಿದ್ದರೆ ಆ ಕಾವಲುಗಾರನಿಗೆ ಬಾಯಿ ತೆರೆಯುವ ಅವಕಾಶ ಎಲ್ಲಿರುತ್ತಿತ್ತು? ವಿಡಿಯೊ ಚೆನ್ನಾಗಿ ಬರುತ್ತೆ, ನಿಜ.

ಶಾಲೆಗಳಿಗೆ ನನ್ನ ಕೋರಿಕೆ ಇಷ್ಟೇ. ಈ ಸಲ ಪಾತ್ರಗಳನ್ನು ಚೀಟಿ ಎತ್ತಿ ಹಂಚಿ. ತಾಲೀಮು ಮುಗಿಯುವವರೆಗೆ ಪಾತ್ರ ಅದಲು ಬದಲಾಗುತ್ತಿರಲಿ. ಮೈಕು ಮಕ್ಕಳ ಕೈಗೇ ಕೊಡಿ. ‘ನಮ್ಮ ಮಗಳಿಗೆ ಎರಡೇ ಸಾಲು ಯಾಕೆ’ ಅಂತ ಕೇಳಿಕೊಂಡು ಬರುವ ಪೋಷಕರು, ಆಕೆ ಆ ಎರಡು ಸಾಲನ್ನು ಹೇಗೆ ಹೇಳುತ್ತಾಳೆ ಅಂತ ಒಮ್ಮೆ ತಾಲೀಮಿಗೆ ಬಂದು ನೋಡಲಿ. ಮೊಬೈಲ್ ಮಾತ್ರ ಹೊರಗಿಟ್ಟು ಬನ್ನಿ.

— ಒಬ್ಬ ನಾಟಕ ಶಿಕ್ಷಕಿ