ಈಸ್ಟ್‌ಲೀಯ ಆ ಹಿರಿಯರಿಗೊಂದು ಥ್ಯಾಂಕ್ಸ್

ಹೆಸರು ಹಾಕ್ಬೇಡಪ್ಪ ಅಂದಿದ್ರಿ, ಸರಿ ಹಾಕಲ್ಲ, ಆದ್ರೆ ಥ್ಯಾಂಕ್ಸ್ ಹೇಳ್ದೆ ಇರಕ್ಕಾಗಲ್ಲ. ನೈರೋಬಿಲಿ ಕೆಲಸಕ್ಕಿರೋ ನಮ್ಮಂಥ ಕನ್ನಡದವರು ಈಸ್ಟ್‌ಲೀ ಏರಿಯಾಗೆ ಹೋಗೋದು ಬಟ್ಟೆ ತಗೊಳೋಕೆ, ಅಲ್ಲಿ ಸೊಮಾಲಿಗಳೇ ಜಾಸ್ತಿ, ಟೀ ಅಂಗಡೀಲಿ ಕೂತ್ರೆ ರಾಜಕೀಯದ ವಾದ ಮುಗಿಯೋದೇ ಇಲ್ಲ. ಸೊಮಾಲಿ ಭಾಷೇಲಿ ನಂಗೆ ಬರ್ತಿದ್ದಿದ್ದು 'ಹಾ' ಅಂದ್ರೆ ಹೌದು, 'ಮಯಾ' ಅಂದ್ರೆ ಇಲ್ಲ, ಅಷ್ಟೇ. ಅಷ್ಟಿಟ್ಕೊಂಡು ಯಾರ ಜೊತೆ ವಾದ ಮಾಡೋದು ಹೇಳಿ!

ನೀವು ಶಾಹ್ ಕುಡೀತಾ (ಏಲಕ್ಕಿ ಹಾಕಿದ ಅವರ ಟೀ, ಸಕ್ಕರೆ ಮಾತ್ರ ವಿಪರೀತ) 'ವಾನ್ ಕು ರಾʼಸನಹಯ್' ಕಲಿಸಿದ್ರಿ, ನಿಮ್ಮ ಮಾತು ಒಪ್ತೀನಿ ಅಂತ. ಆ ರಾ ಆದ್ಮೇಲೆ ಗಂಟಲಾಳದಿಂದ ಬರೋ ಸದ್ದಿದೆಯಲ್ಲ, ನಮ್ಮಲ್ಲಿ ಅದಿಲ್ಲವೇ ಇಲ್ಲ, 1972ರಲ್ಲಿ ಸೊಮಾಲಿ ಭಾಷೆಗೆ ಲ್ಯಾಟಿನ್ ಲಿಪಿ ಅಧಿಕೃತ ಆದಾಗ ಅದಕ್ಕೆ 'ಸಿ' ಅಕ್ಷರ ಕೊಟ್ಟಿದಾರೆ, ಓದೋಕೆ ಹೋದ್ರೆ ಮೊದ್ಲು ತಲೆ ಕೆಡುತ್ತೆ. ಒಪ್ಪಲ್ಲ ಅನ್ನೋಕೆ 'ಕುಮಾ ರಾʼಸನಿ', ಅಂದ್ರೆ ಮುಂದಿದ್ದ 'ವಾನ್' ಹೋಗ್ಬಿಟ್ಟು 'ಮಾ' ಬಂದು 'ಕು'ಗೆ ಅಂಟ್ಕೊಳುತ್ತೆ, ಕೊನೇನೂ ಬದಲಾಗುತ್ತೆ, ಇದನ್ನ ನೀವು ಬಿಲ್ ಹಿಂದೆ ಬರೆದು ತೋರಿಸ್ದೇ ಇದ್ದಿದ್ರೆ ನಂಗೆ ಯಾವತ್ತೂ ಹೊಳೀತಿರ್ಲಿಲ್ಲ.

ಅದಕ್ಕಿಂತ ಉಪಯೋಗ ಆಗಿದ್ದು 'ವಹಯ್ ಇಲ ತಹಯ್', ನಂಗನ್ಸೋದು ಏನಂದ್ರೆ ಅಂತ ಶುರು ಮಾಡೋದು. ಆಮೇಲೆ 'ವಾ ರುನ್, ಲಾಕಿನ್...', ನಿಜ, ಆದ್ರೆ... ಈ ಲಾಕಿನ್ ಅರಬಿಯಿಂದ ಬಂದಿದ್ದು, ಹಿಂದಿ ಲೇಕಿನ್ ಗೊತ್ತಿರೋರಿಗೆ ಫ್ರೀಯಾಗಿ ಸಿಗುತ್ತೆ. ಹಿರಿಯರ ಮುಂದೆ ನೇರ 'ಕುಮಾ' ಅನ್ನೋಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಮಹದ್ಸನಿದ್ ಸರ್, ತುಂಬಾ ಥ್ಯಾಂಕ್ಸ್. ಮುಂದಿನ ಸಲದ ಶಾಹ್ ಬಿಲ್ ನಂದೇ, ಅದಕ್ಕೆ ಮಾತ್ರ 'ಮಯಾ' ಅನ್ಬೇಡಿ.