ಎಷ್ಟು ನೀರು ಬಂತು ಅಂತ ಬರೆಯುತ್ತೀರಿ, ಎಂಥ ನೀರು ಬಂತು?

ಸಂಪಾದಕರಿಗೆ ನಮಸ್ಕಾರ.

ನಾನು ಇಂಡಿ ತಾಲೂಕಿನವನು, ಹದಿನೆಂಟು ವರ್ಷದಿಂದ ಪುಣೆ ಹತ್ತಿರದ ಪಿಂಪ್ರಿಯಲ್ಲಿದ್ದೇನೆ. ಊರಿನ ಸುದ್ದಿ ಎಲ್ಲ ನಿಮ್ಮ ಪತ್ರಿಕೆಯಿಂದಲೇ, ಫೋನಿನಲ್ಲಿ ಓದುವುದು. ಬೇಸಿಗೆ ಬಂತೆಂದರೆ ಭೀಮಾ ತೀರದ ಸುದ್ದಿ ಪ್ರತಿ ವರ್ಷ ಒಂದೇ ಅಚ್ಚಿನಲ್ಲಿರುತ್ತದೆ. ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನಲ್ಲಿ ಇಷ್ಟು ಟಿಎಂಸಿ ಉಳಿದಿದೆ, ನದಿಗೆ ಇಷ್ಟು ಕ್ಯೂಸೆಕ್ ಬಿಟ್ಟರು ಅಥವಾ ಬಿಡಲಿಲ್ಲ. ತಪ್ಪೇನಿಲ್ಲ, ಹೊಳೆ ಬತ್ತಿದವರಿಗೆ ಮೊದಲು ಆ ಲೆಕ್ಕವೇ ಬೇಕು. ಆದರೆ ಬಂದ ನೀರಿನ ಬಣ್ಣ ಯಾವುದು ಅಂತ ಬರೆದದ್ದನ್ನು ನಾನಂತೂ ಓದಿಲ್ಲ.

ಹೋದ ಏಪ್ರಿಲ್‌ನಲ್ಲಿ ಭಾವನ ಜೊತೆ ಮೀನೂಟಕ್ಕೆ ಅಂತ ಭಿಗವಣಕ್ಕೆ ಹೋಗಿದ್ದೆ. ಅದು ಉಜನಿಯ ಹಿನ್ನೀರು, ಚಳಿಗಾಲದಲ್ಲಿ ಜನ ಫ್ಲೆಮಿಂಗೊ ನೋಡಲು ಬರುವ ಜಾಗ. ಗಾಳಿ ತಳ್ಳುವ ಕಡೆಯ ದಡದಲ್ಲಿ ನೀರಿನ ಮೇಲೆ ಹಸಿರು ಆಯಿಲ್ ಪೇಂಟ್ ಚೆಲ್ಲಿದ ಹಾಗಿತ್ತು. ಒಂದು ಬಾಟಲಿ ತುಂಬಿಕೊಂಡು ಬಂದು ಅಡುಗೆಮನೆ ಕಟ್ಟೆ ಮೇಲಿಟ್ಟೆ, ಹೆಂಡತಿಯಿಂದ ಬೈಸಿಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಹಸಿರೆಲ್ಲ ಮೇಲಕ್ಕೆ ಬಂದು ಬಾಟಲಿಯ ಕುತ್ತಿಗೆಗೆ ಉಂಗುರ ತೊಡಿಸಿದಂತೆ ಕೂತಿದೆ, ಕೆಳಗಿನ ನೀರು ಹೆಚ್ಚುಕಡಿಮೆ ತಿಳಿ. ಹೀಗೆ ತೇಲಿ ನಿಂತರೆ ನೀಲಿ-ಹಸಿರು ಪಾಚಿಯ ಅನುಮಾನ ಪಡಬೇಕು. ಹೆಸರಿಗಷ್ಟೇ ಪಾಚಿ, ಜಾತಿಯಲ್ಲಿ ಅದು ಬ್ಯಾಕ್ಟೀರಿಯಾ. ಮೈಯೊಳಗೆ ಸಣ್ಣ ಗಾಳಿಗುಳ್ಳೆ ಇಟ್ಟುಕೊಂಡು ಬಿಸಿಲು ಹುಡುಕಿ ಮೇಲೆ ಬರುತ್ತದೆ.

ಇದಕ್ಕೆ ಅನ್ನ ಹಾಕುವವರು ಯಾರು? ನಾವೇ, ಇಲ್ಲಿ ಪುಣೆಯಲ್ಲಿ ಕೂತವರು. ಪವನಾ, ಮುಳಾ, ಮುಠಾ, ಇಂದ್ರಾಯಣಿ, ಎಲ್ಲ ನದಿಗಳೂ ನಮ್ಮ ಬಚ್ಚಲು, ಸಂಡಾಸಿನ ನೀರನ್ನು ಹೊತ್ತು ಭೀಮೆಗೆ ಸೇರುತ್ತವೆ, ಭೀಮೆ ಉಜನಿಯಲ್ಲಿ ನಿಲ್ಲುತ್ತಾಳೆ. ಆ ನೀರಿನಲ್ಲಿ ರಂಜಕ, ಸಾರಜನಕ ಇರುತ್ತದೆ. ಅದರ ಮೇಲೆ ಸುತ್ತಲಿನ ಕಬ್ಬಿನ ಗದ್ದೆಗೆ ಹಾಕಿದ ಯೂರಿಯಾ, ಡಿಎಪಿ. ಸಂಸ್ಕರಿಸಿದ ನೀರು ಅಂತ ಬೋರ್ಡ್ ಹಾಕಿದರೂ ಪೂರ್ತಿ ನೆಮ್ಮದಿ ಇಲ್ಲ. ಸಾಮಾನ್ಯ ಸಂಸ್ಕರಣಾ ಘಟಕ ಕೊಳೆ, ವಾಸನೆ ತೆಗೆಯುತ್ತದೆ, ರಂಜಕದ ದೊಡ್ಡ ಪಾಲು ಹಾಗೇ ದಾಟಿಹೋಗುತ್ತದೆ.

ನಮ್ಮದು ಬಿಸಿ ಸೀಮೆ ಬೇರೆ. ನೀರು 25 ಡಿಗ್ರಿ ದಾಟಿದರೆ ಈ ಪಾಚಿಗೆ ಹಬ್ಬ, ನಮ್ಮಲ್ಲಿ ಅದು ವರ್ಷದ ಎಷ್ಟೋ ತಿಂಗಳು. ಬೇಸಿಗೆಯಲ್ಲಿ ಮೇಲಿನ ನೀರು ಕಾದು ಹಗುರಾಗಿ ಮೇಲೇ ಉಳಿಯುತ್ತದೆ, ತಳದ ನೀರಿಗೆ ಉಸಿರು ಕಟ್ಟುತ್ತದೆ. ಆಮ್ಲಜನಕ ಮುಗಿದ ಆ ತಳದಲ್ಲಿ, ಕೆಸರು ಹಿಡಿದಿಟ್ಟಿದ್ದ ಹಳೇ ರಂಜಕ ಮತ್ತೆ ನೀರಿಗೆ ಬಿಡುತ್ತದೆ. ಅಣೆಕಟ್ಟು ಮುಗಿದದ್ದು 1980ರಲ್ಲಿ, ಅಂದಿನಿಂದ ಕೂತ ಕೆಸರು ಅದು. ಇವತ್ತೇ ಚರಂಡಿ ಬಂದ್ ಮಾಡಿದರೂ ನಾಳೆ ಬೆಳಿಗ್ಗೆ ನೀರು ತಿಳಿಯಾಗುವುದಿಲ್ಲ.

ಊರಿಗೆ ಹೋದಾಗ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಕುದಿಸಿದ್ರ ಎಲ್ಲಾ ಸಾಯ್ತದಲ್ಲೋ ತಮ್ಮಾ" ಅಂದಳು. ತೊಡಕಿರುವುದೇ ಇಲ್ಲಿ. ಪಾಚಿ ಸಾಯುತ್ತದೆ, ಅದು ಮಾಡಿಟ್ಟ ವಿಷ ಸಾಯುವುದಿಲ್ಲ. ಮೈಕ್ರೋಸಿಸ್ಟಿನ್ ಅಂತ ಆ ವಿಷದ ಹೆಸರು, ಪಿತ್ತಜನಕಾಂಗಕ್ಕೆ ಹೊಡೆತ ಕೊಡುತ್ತದೆ, ಕುದಿತವನ್ನು ತಡೆದುಕೊಳ್ಳುತ್ತದೆ. ಪಾಚಿ ಜೀವಂತ ಇರುವಾಗ ಹೆಚ್ಚಿನ ವಿಷ ಅದರ ಒಳಗೇ ಇರುತ್ತದೆ, ಕುದಿಸಿದರೆ ಅಥವಾ ಮೈಲುತುತ್ತ ಹಾಕಿ ಕೊಂದರೆ ಒಡೆದು ನೀರಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಾ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಅಂದರೆ 10 ಸಾವಿರ ಲೀಟರಿನ 100 ಟ್ಯಾಂಕರ್‌ಗೆ ಸೇರಿ 1 ಗ್ರಾಂ! 1996ರಲ್ಲಿ ಬ್ರೆಜಿಲ್‌ನ ಕರುವಾರು ಊರಿನ ಡಯಾಲಿಸಿಸ್ ಕೇಂದ್ರವೊಂದಕ್ಕೆ ಜಲಾಶಯದಿಂದ ಟ್ಯಾಂಕರ್‌ನಲ್ಲಿ ಬಂದ ನೀರಲ್ಲಿ ಇದೇ ವಿಷ ಸೇರಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅದೂ ನಮ್ಮ ಹಾಗೇ ಬಿಸಿ ಸೀಮೆ.

ಹೆದರಿಸಲು ಬರೆಯುತ್ತಿಲ್ಲ. ಡಯಾಲಿಸಿಸ್‌ನಲ್ಲಿ ನೀರಿನ ವಿಷ ನೇರ ರಕ್ತಕ್ಕೇ ಸೇರುತ್ತದೆ, ಕುಡಿಯುವುದಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ ಇದೆ. ಹಸಿರು ಕಂಡದ್ದೆಲ್ಲ ವಿಷವೂ ಅಲ್ಲ. ಒಂದೇ ಜಾತಿಯ ಪಾಚಿಯಲ್ಲಿ ಕೆಲವು ವಿಷ ಮಾಡುತ್ತವೆ, ಕೆಲವು ಮಾಡುವುದಿಲ್ಲ, ಕಣ್ಣಿಗೆ ಎರಡೂ ಒಂದೇ. ಪರೀಕ್ಷೆ ಮಾಡಿಯೇ ತಿಳಿಯಬೇಕು. ನನ್ನ ಬಾಟಲಿ ಹಿಡಿದುಕೊಂಡು ಇಲ್ಲಿನ ಒಂದು ಲ್ಯಾಬಿಗೆ ಹೋಗಿದ್ದೆ. ಗಡಸುತನ, ಫ್ಲೋರೈಡ್, ಕೋಲಿಫಾರ್ಮ್ ನೋಡಿಕೊಡುತ್ತೇವೆ, ನೀವು ಹೇಳುವುದು ನಮ್ಮ ಪಟ್ಟಿಯಲ್ಲಿಲ್ಲ ಅಂದರು. ಕೌಂಟರಿನ ಹುಡುಗ ಪಾಪ ಹೆಸರನ್ನು ಎರಡು ಸಲ ಬರೆಸಿಕೊಂಡ.

ಇದೇ ಉಜನಿಯಿಂದ ಸೋಲಾಪುರ ನಗರ ಕುಡಿಯುತ್ತದೆ. ಬಿಟ್ಟ ನೀರು ಪಂಢರಪುರ ದಾಟಿ ನಮ್ಮ ಗಡಿಗೆ, ಮುಂದೆ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬರುತ್ತದೆ. ಬ್ಯಾರೇಜಿನಲ್ಲಿ ನಿಂತ ನೀರು ಬಿಸಿಲಿಗೆ ಕಾದು ಹಸಿರಾಗಲು ಜಾಸ್ತಿ ದಿನ ಬೇಕಿಲ್ಲ. ದನಗಳಂತೂ ದಡದ ಗಟ್ಟಿ ಹಸಿರಿಗೇ ಬಾಯಿ ಹಾಕುತ್ತವೆ. ಆಸ್ಟ್ರೇಲಿಯಾದಲ್ಲಿ ಸರೋವರದ ಪಾಚಿನೀರು ಕುಡಿದು ಕುರಿ, ದನ ಸತ್ತ ಬಗ್ಗೆ 1878ರಲ್ಲೇ ವರದಿ ಬಂದಿತ್ತು. ಎಮ್ಮೆ ಕಾಯುವ ನಮ್ಮ ಹುಡುಗರಿಗೆ ಇದನ್ನು ಹೇಳಿದವರು ಯಾರೂ ಇಲ್ಲ, ಅಲ್ವಾ? ಗಾಳಿ ಬೀಸಿ ಹಸಿರು ಗುಡ್ಡೆಯಾದ ದಡ ಬಿಟ್ಟು ಆಚೆ ಕಡೆ ನೀರು ಕುಡಿಸಿದರೂ ಎಷ್ಟೋ ವಾಸಿ.

ನಾನು ಕೇಳುವುದು ಇಷ್ಟೇ. ಮುಂದಿನ ಬೇಸಿಗೆಯಲ್ಲಿ ನಿಮ್ಮ ವರದಿಗಾರರು ಕ್ಯೂಸೆಕ್ ಕೇಳಲು ಅಧಿಕಾರಿಗಳಿಗೆ ಫೋನ್ ಮಾಡಿದಾಗ ಇನ್ನೂ ಒಂದು ಪ್ರಶ್ನೆ ಸೇರಿಸಲಿ: ನೀರಲ್ಲಿ ರಂಜಕ ಎಷ್ಟಿದೆ, ಮೈಕ್ರೋಸಿಸ್ಟಿನ್ ಕೊನೆಗೆ ನೋಡಿದ್ದು ಯಾವಾಗ? ಉತ್ತರ ಸಿಕ್ಕರೆ ಟಿಎಂಸಿ ಲೆಕ್ಕದ ಪಕ್ಕದಲ್ಲೇ ಹಾಕಿ. "ನೋಡಿಲ್ಲ" ಅಂತ ಹೇಳಿದರೆ ಅದನ್ನೂ ಹಾಗೇ ಅಚ್ಚು ಹಾಕಿ.

ಇಂಡಿ ತಾಲೂಕಿನ ಒಬ್ಬ ಓದುಗ,
ಸದ್ಯ ಪಿಂಪ್ರಿ, ಪುಣೆ